ಸಂಪಾದಕರ ಉತ್ತರ: ಗರ್ಭಕೋಶ ತೆಗೆಸುವ ಮುಂಚೆ

ನಲವತ್ತೈದು ದಾಟಿದ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಹೆಸರು, ಊರು ಬೇಡ ಎಂದಿದ್ದಾರೆ. ಕೆಲವು ತಿಂಗಳಿಂದ ಅವರಿಗೆ ಮುಟ್ಟು ಶುರುವಾದರೆ ನಿಲ್ಲುವುದೇ ಇಲ್ಲ. ಸ್ಕ್ಯಾನಿಂಗ್ ಮಾಡಿದಾಗ ಗರ್ಭಕೋಶದ ಒಳಪದರ ದಪ್ಪ ಆಗಿರುವುದು ಕಂಡಿದೆ. ಬಯಾಪ್ಸಿ ರಿಪೋರ್ಟಿನಲ್ಲಿ ‘ಹೈಪರ್‌ಪ್ಲೇಸಿಯಾ (ಒಳಪದರದ ಅತಿ ಬೆಳವಣಿಗೆ), ಏಟಿಪಿಯಾ (ಜೀವಕಣಗಳ ಸ್ವರೂಪ ಕೆಡುವುದು) ಇಲ್ಲ’ ಎಂದಿದೆ. ಪ್ರೊಜೆಸ್ಟಿನ್ ಹಾರ್ಮೋನ್ ಇರುವ, ಗರ್ಭಕೋಶದೊಳಗೆ ಇಡುವ ಮಿರೇನಾ ಎಂಬ ಸಾಧನ ಹಾಕಿಸಿಕೊಳ್ಳಿ ಎಂದು ಡಾಕ್ಟರು ಹೇಳಿದ್ದಾರೆ. ನಾದಿನಿ ಮಾತ್ರ, “ಹಾರ್ಮೋನಿನಿಂದಲೇ ಕ್ಯಾನ್ಸರ್ ಬರುತ್ತಂತೆ. ಮಕ್ಕಳಾಗಿವೆಯಲ್ಲ, ಸುಮ್ನೆ ಗರ್ಭಕೋಶ ತೆಗೆಸಿಬಿಡು” ಎನ್ನುತ್ತಿದ್ದಾರೆ. ಯಾರ ಮಾತು ಕೇಳಲಿ ಎನ್ನುವುದು ಪತ್ರದ ಪ್ರಶ್ನೆ.

ಡಾಕ್ಟರ ಮಾತು ಕೇಳಿ. ನಾದಿನಿಯ ಭಯ ಸುಳ್ಳಲ್ಲ, ಆದರೆ ಅದು ಬೇರೆ ಹಾರ್ಮೋನಿನ ಭಯ.

ತಿಂಗಳ ಮೊದಲರ್ಧದಲ್ಲಿ ಈಸ್ಟ್ರೋಜನ್ ಗರ್ಭಕೋಶದ ಒಳಪದರವನ್ನು ಬೆಳೆಸುತ್ತದೆ. ಅಂಡ ಬಿಡುಗಡೆಯಾದ ಮೇಲೆ ಪ್ರೊಜೆಸ್ಟರಾನ್ ಬಂದು ಆ ಬೆಳವಣಿಗೆಯನ್ನು ತಡೆದು, ಪದರವನ್ನು ಮಾಗಿಸುತ್ತದೆ. ಪ್ರೊಜೆಸ್ಟರಾನ್ ಇಳಿದಾಗ ಪದರ ಉದುರಿ ಮುಟ್ಟಾಗುತ್ತದೆ. ಮುಟ್ಟು ನಿಲ್ಲುವ ವಯಸ್ಸು ಹತ್ತಿರ ಬಂದಾಗ ಎಷ್ಟೋ ತಿಂಗಳು ಅಂಡವೇ ಬಿಡುಗಡೆಯಾಗುವುದಿಲ್ಲ. ಆಗ ಪ್ರೊಜೆಸ್ಟರಾನ್ ಕೂಡ ಬರುವುದಿಲ್ಲ. ಈಸ್ಟ್ರೋಜನ್ ಮಾತ್ರ ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಮೈಯ ಕೊಬ್ಬಿನಲ್ಲೂ ಈಸ್ಟ್ರೋಜನ್ ತಯಾರಾಗುವುದರಿಂದ ತೂಕ ಜಾಸ್ತಿ ಇರುವವರಿಗೆ ಈ ತೊಂದರೆ ಹೆಚ್ಚು. ಪಿಸಿಓಡಿ ಎಂಬ ಅಂಡಾಶಯದ ತೊಂದರೆ ಇರುವವರಿಗೂ ಅಷ್ಟೇ. ಪ್ರೊಜೆಸ್ಟಿನ್ ಅಂದರೆ ಪ್ರೊಜೆಸ್ಟರಾನ್ ಮಾಡುವ ಕೆಲಸವನ್ನು ಮಾಡಲು ತಯಾರಿಸಿದ ಔಷಧಿ. ನಿಮ್ಮಲ್ಲಿ ಕಮ್ಮಿ ಬಿದ್ದಿರುವುದನ್ನೇ ಡಾಕ್ಟರು ಕೊಡುತ್ತಿದ್ದಾರೆ, ಅಲ್ವಾ?

ಹಾಗಾದರೆ ಭಯ ಎಲ್ಲಿಂದ ಬಂತು? ಅಮೆರಿಕದಲ್ಲಿ ಒಂದು ಕಾಲಕ್ಕೆ ಮುಟ್ಟು ನಿಂತ ಹೆಂಗಸರಿಗೆ ಬರೀ ಈಸ್ಟ್ರೋಜನ್ ಮಾತ್ರೆ ಧಾರಾಳವಾಗಿ ಕೊಡುತ್ತಿದ್ದರು. 1975ರ ಡಿಸೆಂಬರಿನಲ್ಲಿ ಎರಡು ಅಧ್ಯಯನಗಳು ಒಟ್ಟಿಗೇ ಪ್ರಕಟವಾದವು. ಆ ಮಾತ್ರೆ ನುಂಗಿದವರಿಗೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಬರುವ ಅಪಾಯ ನಾಲ್ಕರಿಂದ ಏಳು ಪಟ್ಟು ಹೆಚ್ಚು ಎಂದು ಅವು ತೋರಿಸಿದವು. ಆಮೇಲೆ ಗರ್ಭಕೋಶ ಇರುವವರಿಗೆ ಈಸ್ಟ್ರೋಜನ್ ಜೊತೆ ಪ್ರೊಜೆಸ್ಟಿನ್ ಸೇರಿಸುವುದು ರೂಢಿಯಾಯಿತು. 1990ರ ದಶಕದ ಪೆಪಿ ಎಂಬ ಪ್ರಯೋಗದಲ್ಲಿ ಮೂರು ವರ್ಷ ಬರೀ ಈಸ್ಟ್ರೋಜನ್ ತಗೊಂಡವರಲ್ಲಿ 100ಕ್ಕೆ 62 ಮಂದಿಗೆ ಒಳಪದರ ಮಿತಿಮೀರಿ ಬೆಳೆದಿತ್ತು. ಪ್ರೊಜೆಸ್ಟಿನ್ ಸೇರಿಸಿದವರ ಸ್ಥಿತಿಗೂ ಔಷಧಿಯೇ ಇಲ್ಲದ ಮಾತ್ರೆ ತಗೊಂಡವರ ಸ್ಥಿತಿಗೂ ಹೆಚ್ಚು ವ್ಯತ್ಯಾಸ ಇರಲಿಲ್ಲ.

2002ರಲ್ಲಿ ಇನ್ನೊಂದು ಸುದ್ದಿ ಬಂತು. ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ 16,608 ಹೆಂಗಸರ ಮೇಲೆ ನಡೆಸುತ್ತಿದ್ದ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಿತು. ಈಸ್ಟ್ರೋಜನ್, ಪ್ರೊಜೆಸ್ಟಿನ್ ಎರಡೂ ಇದ್ದ ಮಾತ್ರೆಯಿಂದ ಸ್ತನ ಕ್ಯಾನ್ಸರ್ ಹೆಚ್ಚಾಗಿತ್ತು. ವರ್ಷಕ್ಕೆ 10,000 ಮಂದಿಯಲ್ಲಿ ಸುಮಾರು 8 ಕೇಸು ಜಾಸ್ತಿ. ‘ಹಾರ್ಮೋನ್ ಅಂದರೆ ಕ್ಯಾನ್ಸರ್’ ಎಂಬ ಮಾತು ಊರೆಲ್ಲ ಹಬ್ಬಿದ್ದು ಮುಖ್ಯವಾಗಿ ಆ ಸುದ್ದಿಯಿಂದ. ಆದರೆ ಅದು ಸ್ತನದ ವಿಷಯ. ನಿಮಗೆ ಸ್ತನ ಕ್ಯಾನ್ಸರ್ ಬಂದು ಹೋಗಿದ್ದರೆ ಲೆಕ್ಕ ಬೇರೆಯಾಗುತ್ತದೆ, ಡಾಕ್ಟರಿಗೆ ಮೊದಲೇ ಹೇಳಬೇಕು.

ಈಗ ನಿಮ್ಮ ರಿಪೋರ್ಟು. ಅದರಲ್ಲಿರುವ ‘ಏಟಿಪಿಯಾ ಇಲ್ಲ’ ಎನ್ನುವುದೇ ದೊಡ್ಡ ಸಮಾಧಾನ. ಜೀವಕಣಗಳ ಸಂಖ್ಯೆ ಹೆಚ್ಚಾಗಿದೆ, ಸ್ವರೂಪ ಕೆಟ್ಟಿಲ್ಲ ಎಂದರ್ಥ. 1985ರ ಒಂದು ಹೆಸರಾದ ಅಧ್ಯಯನದಲ್ಲಿ ಚಿಕಿತ್ಸೆ ಇಲ್ಲದೆಯೂ ಇಂಥವರಲ್ಲಿ ಕ್ಯಾನ್ಸರ್‌ವರೆಗೆ ಹೋದವರು 100ಕ್ಕೆ 1ರಿಂದ 3. ಏಟಿಪಿಯಾ ಜೊತೆಗೆ ಒಳಪದರದ ರಚನೆಯೂ ಜಟಿಲವಾಗಿದ್ದ ಗುಂಪಿನಲ್ಲಿ 29. ಏಟಿಪಿಯಾ ಇದ್ದು, ಮಕ್ಕಳಾಗಿದ್ದರೆ ಸಾಮಾನ್ಯವಾಗಿ ಗರ್ಭಕೋಶ ತೆಗೆಯುವುದೇ ಸರಿ. ನಿಮ್ಮದು ಆ ಗುಂಪಲ್ಲ.

ಮಿರೇನಾ ನೋಡಲು ಕಾಪರ್ ಟಿ ಥರವೇ. ಒಳಗೆ 52 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್ ಎಂಬ ಪ್ರೊಜೆಸ್ಟಿನ್ ಇರುತ್ತದೆ. ಶುರುವಿನಲ್ಲಿ ದಿನಕ್ಕೆ ಸುಮಾರು 20 ಮೈಕ್ರೋಗ್ರಾಂನಷ್ಟು, ಬೇಕಾದ ಜಾಗಕ್ಕೇ ಜಿನುಗುತ್ತದೆ. ರಕ್ತಕ್ಕೆ ಸೇರುವುದು ಕಮ್ಮಿ. ನಾರ್ವೆಯಲ್ಲಿ ಇದನ್ನು ಪ್ರೊಜೆಸ್ಟಿನ್ ಮಾತ್ರೆಯ ಜೊತೆ ಹೋಲಿಸಿ ನೋಡಿದರು. ಆರು ತಿಂಗಳಲ್ಲಿ ಸಾಧನ ಹಾಕಿಸಿಕೊಂಡ ಎಲ್ಲರ ಒಳಪದರವೂ ಸರಿಹೋಗಿತ್ತು. ತಿಂಗಳಿಗೆ ಹತ್ತು ದಿನ ಮಾತ್ರೆ ನುಂಗಿದವರಲ್ಲಿ ಸರಿಹೋದದ್ದು 100ಕ್ಕೆ 69. ಆದರೆ ಚಿಕಿತ್ಸೆ ನಿಲ್ಲಿಸಿದ ಮೇಲೆ ಎರಡು ವರ್ಷದೊಳಗೆ ಹತ್ತರಲ್ಲಿ ನಾಲ್ವರಿಗೆ ಮತ್ತೆ ಬಂತು. ಅದಕ್ಕೇ ಹಾಕಿಸಿಕೊಂಡು ಮರೆತುಬಿಡಬೇಡಿ. ಆರು ತಿಂಗಳಿಗೊಮ್ಮೆ ಬಯಾಪ್ಸಿ ಮಾಡಿಸಿ, ಎರಡು ಸಲ ಸತತವಾಗಿ ಚೆನ್ನಾಗಿ ಬರುವವರೆಗೆ ಬಿಡಬೇಡಿ. ಮೊದಲ ಕೆಲವು ತಿಂಗಳು ಅಲ್ಲಲ್ಲಿ ರಕ್ತ ಕಾಣಿಸುತ್ತದೆ, ಕಿರಿಕಿರಿ ಆಗುತ್ತದೆ. ಅದಕ್ಕೆ ಹೆದರಿ ತೆಗೆಸಿಬಿಡುವವರೂ ಇದ್ದಾರೆ.

ಪ್ರೊಜೆಸ್ಟಿನ್ ಎಲ್ಲಕ್ಕೂ ಮದ್ದಲ್ಲ. ಗರ್ಭಕೋಶದ ಒಳಪದರದ ಕ್ಯಾನ್ಸರ್ ಆಪರೇಷನ್ ಆದ ಮೇಲೂ ಇದನ್ನು ವರ್ಷಗಟ್ಟಲೆ ಕೊಡುತ್ತಿದ್ದರು. ಅದರಿಂದ ಆಯಸ್ಸು ಹೆಚ್ಚಲಿಲ್ಲ ಎಂದು ಪ್ರಯೋಗಗಳು ತೋರಿಸಿದವು. ಮಕ್ಕಳು ಬೇಕೆನ್ನುವ ಚಿಕ್ಕ ವಯಸ್ಸಿನವರಲ್ಲಿ, ಕ್ಯಾನ್ಸರ್ ತೀರಾ ಆರಂಭದಲ್ಲಿದ್ದು ಒಳಪದರ ದಾಟಿಲ್ಲದಿದ್ದರೆ, ಈಗಲೂ ಇದೇ ಚಿಕಿತ್ಸೆ ಕೊಡುವುದುಂಟು. ಆಸ್ಟ್ರೇಲಿಯಾದ ಫೆಮ್ ಎಂಬ ಪ್ರಯೋಗದಲ್ಲಿ, ಈ ಸಾಧನ ಹಾಕಿಸಿಕೊಂಡ ಅಂಥ ಕ್ಯಾನ್ಸರ್ ರೋಗಿಗಳಲ್ಲಿ ಆರು ತಿಂಗಳಿಗೆ 100ಕ್ಕೆ 43 ಮಂದಿಯ ರೋಗ ಪೂರ್ತಿ ಮಾಯವಾಗಿತ್ತು. ಉಳಿದವರಿಗೆ ಆಗಿರಲಿಲ್ಲ ಎನ್ನುವುದನ್ನೂ ನೆನಪಿಡಬೇಕು.

‘ತೆಗೆಸಿಬಿಡು’ ಎನ್ನುವ ಸಲಹೆ ನನಗೆ ಒಂಚೂರೂ ಇಷ್ಟವಾಗಲಿಲ್ಲ. ಕಲಬುರಗಿ ಕಡೆಯ ತಾಂಡಾಗಳಲ್ಲಿ ಬಡ ಹೆಂಗಸರಿಗೆ ಬೇಡದ ಗರ್ಭಕೋಶ ಆಪರೇಷನ್ ಮಾಡಿದ ಆರೋಪದ ಗಲಾಟೆ ನಮ್ಮ ರಾಜ್ಯದಲ್ಲೇ ನಡೆದದ್ದು. 2023ರಲ್ಲಿ ಸುಪ್ರೀಂ ಕೋರ್ಟು ಇಂಥದ್ದನ್ನು ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಅಳವಡಿಸಿಕೊಳ್ಳಬೇಕು ಎಂದಿತು. ಚಿಕಿತ್ಸೆಗೆ ಬಗ್ಗದಿದ್ದರೆ ಆಪರೇಷನ್ ದಾರಿ ಇದ್ದೇ ಇದೆ. ಮೊದಲ ದಾರಿಯೇ ಅದಾಗಬೇಕಿಲ್ಲ.

ಪತ್ರದ ಕೊನೆಗೆ ಇನ್ನೊಂದು ಪ್ರಶ್ನೆ ಇದೆ. ಹಬ್ಬ, ಮದುವೆ ಅಂತ ಮುಟ್ಟು ಮುಂದೂಡುವ ಮಾತ್ರೆ ನುಂಗಿದ್ದರಿಂದ ಹೀಗಾಯಿತಾ ಅಂತ. ಇಲ್ಲ. ಸಾಮಾನ್ಯವಾಗಿ ಅದು ನಾರೆಥಿಸ್ಟೆರಾನ್, ಅದೂ ಪ್ರೊಜೆಸ್ಟಿನ್ನೇ. ಒಳಪದರ ದಪ್ಪವಾಗಲು ಅದು ಕಾರಣವಲ್ಲ. ಆದರೆ ಮೈಯೊಳಗೆ ಅದರ ಸ್ವಲ್ಪ ಭಾಗ ಈಸ್ಟ್ರೋಜನ್ ಆಗಿ ಬದಲಾಗುತ್ತದೆ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದವರು, ಪಾರ್ಶ್ವವಾಯು ಆದವರು ಅದನ್ನು ಮೆಡಿಕಲ್ ಶಾಪಿನಲ್ಲಿ ಕೇಳಿ ತಂದು ನುಂಗಬಾರದು. ಮುಂದಿನ ಸಲ ಪೂಜೆ ಇದ್ದರೆ ಡಾಕ್ಟರನ್ನೇ ಕೇಳಿ. ಮಿರೇನಾ ಹಾಕಿಸಿಕೊಂಡ ಮೇಲೆ ಅನೇಕರಿಗೆ ಮುಟ್ಟು ತೀರಾ ಕಮ್ಮಿಯಾಗುತ್ತದೆ, ಆ ಮಾತ್ರೆಯ ಅಗತ್ಯವೇ ಬರಲಿಕ್ಕಿಲ್ಲ.