ಸ್ಟಿಲಿಕೊ ದ್ರೋಹಿನಾ?

ಪ್ರಶ್ನೆ: ರೋಮಿನ ಕಡೇ ಕಾಲದ ಜನರಲ್ ಸ್ಟಿಲಿಕೊನ ಒಬ್ರು ಸಾಮ್ರಾಜ್ಯ ಕಾಪಾಡಿದೋನು ಅಂತಾರೆ, ಇನ್ನೊಬ್ರು ಮಾರ್ಕೊಂಡೋನು ಅಂತಾರೆ. ಯಾರನ್ನ ನಂಬೋದು?

ಉತ್ತರ: ಎರಡೂ ಮಾತು ಅವನ ಕಾಲದಲ್ಲೇ ಹುಟ್ಟಿದ್ದು, ಅದಕ್ಕೆ ಬರೆದೋರು ಯಾರು, ಯಾವಾಗ ಬರೆದ್ರು ಅಂತ ಮೊದ್ಲು ನೋಡ್ಬೇಕು. 395ರಲ್ಲಿ ಚಕ್ರವರ್ತಿ ಥಿಯೊಡೋಸಿಯಸ್ ಸತ್ತಾಗ ಮಗ ಹೊನೋರಿಯಸ್ಗೆ ಬರೀ 10 ವರ್ಷ, ಸಾಮ್ರಾಜ್ಯದ ಪಶ್ಚಿಮ ಭಾಗದ ಅಧಿಕಾರ ಎಲ್ಲಾ ಸ್ಟಿಲಿಕೊ ಕೈಲಿತ್ತು. ಆಗ ಆಸ್ಥಾನ ಕವಿ ಕ್ಲಾಡಿಯನ್ ಅವನನ್ನ ಹೊಗಳಿ ಅಟ್ಟಕ್ಕೇರಿಸಿದ, ಆದ್ರೆ ಆ ಕವಿ ಇದ್ದಿದ್ದೇ ಅವನ ಆಶ್ರಯದಲ್ಲಿ. 408ರಲ್ಲಿ ಅವನನ್ನ ಕೊಂದ್ಮೇಲೆ ರಾಗವೇ ಬದಲಾಯ್ತು. ಗಾತ್ ಅನ್ನೋ ಜರ್ಮನಿಕ್ ಜನರ ದೊರೆ ಅಲಾರಿಕ್ಗೆ 4000 ಪೌಂಡ್ ಚಿನ್ನ ಕೊಡೋಕೆ ಸೆನೆಟ್ನ ಒಪ್ಸಿದ್ದು ಇವನು, 410ರಲ್ಲಿ ರೋಮ್ ಲೂಟಿ ಮಾಡಿದ್ದೂ ಅದೇ ಅಲಾರಿಕ್, ಜೊತೆಗೆ ಇವನ ಅಪ್ಪ ರೋಮನ್ನರು ಬರ್ಬರರು ಅಂತಿದ್ದ ವ್ಯಾಂಡಲ್ ಕುಲದೋನು, ಇನ್ನೇನು ಬೇಕು ಹೇಳಿ. ಕ್ರೈಸ್ತ ಲೇಖಕ ಜೆರೋಮ್ 'ಅರೆ ಬರ್ಬರ ದ್ರೋಹಿ' ಅಂದ, ಇನ್ನೊಬ್ಬ ಕ್ರೈಸ್ತ ಲೇಖಕ ಒರೋಸಿಯಸ್ ಅಂತೂ ತನ್ನ ಸ್ವಂತ ಮಗನನ್ನ ಪಟ್ಟಕ್ಕೆ ಕೂರ್ಸೋಕೆ ಶತ್ರುಗಳನ್ನ ಇವನೇ ಕರೆಸ್ದ ಅಂತ ಬರೆದ. ತಾಯಿ ರೋಮನ್ ಅನ್ನೋದು ಯಾರಿಗೂ ನೆನಪಾಗ್ಲಿಲ್ಲ.

ಆಮೇಲೆ ಬಂದ ಗ್ರೀಕ್ ಇತಿಹಾಸಕಾರ ಝೋಸಿಮಸ್ದು ಇನ್ನೂ ವಿಚಿತ್ರ, ಒಂದೇ ಪುಸ್ತಕದಲ್ಲಿ ಮೊದ್ಲು ಇವನನ್ನ ದುರಾಸೆಯೋನು ಅಂತಾನೆ, ಸಾಯೋ ಹೊತ್ತಿಗೆ ಆ ಕಾಲದ ಅಧಿಕಾರಸ್ಥರಲ್ಲಿ ಇವನಷ್ಟು ಹಿತಮಿತದೋನು ಇಲ್ಲ ಅಂತಾನೆ. ಕಾರಣ ಇಷ್ಟೇ, ಮೊದಲ ಭಾಗಕ್ಕೆ ಹಿಂದಿನ ಇತಿಹಾಸಕಾರ ಯುನೇಪಿಯಸ್ ಬರೆದಿದ್ದನ್ನ ಇಟ್ಕೊಂಡಿದ್ದ, ಆಮೇಲೆ ಒಲಿಂಪಿಯೊಡೋರಸ್ ಬರೆದಿದ್ದನ್ನ, ಸೋರ್ಸ್ ಬದಲಾದಂಗೆ ಅಭಿಪ್ರಾಯನೂ ಬದಲಾಯ್ತು. ಮುಂದೆ 18ನೇ ಶತಮಾನದಲ್ಲಿ ಇತಿಹಾಸಕಾರ ಗಿಬ್ಬನ್ ಇವನ ಕಡೆ ಸಹಾನುಭೂತಿಯಿಂದ ನೋಡಿದ, 20ನೇ ಶತಮಾನದಲ್ಲಿ ಜೆ.ಬಿ. ಬರಿ (Bury) ಅನ್ನೋ ಇತಿಹಾಸಕಾರ ಮತ್ತೆ ಕಟುವಾಗಿ ಬರೆದ. ಈಗಿನ ಎಷ್ಟೋ ಇತಿಹಾಸಕಾರರು, ಸೈನ್ಯ ಸಾಲದೇ ಇದ್ದಾಗ ಅಲಾರಿಕ್ನ ತನ್ನ ಕಡೆ ಇಟ್ಕೊಳ್ಳದೆ ಇವನಿಗೆ ಬೇರೆ ದಾರಿ ಏನಿತ್ತು ಅಂತ ಕೇಳ್ತಾರೆ.

ನನ್ನ ಮಟ್ಟಿಗೆ ಅವನ ಸಾವೇ ದೊಡ್ಡ ಸಾಕ್ಷಿ. ಇಟಲಿಯ ರವೆನ್ನಾದಲ್ಲಿ ಚರ್ಚ್ ಒಳಗೆ ಆಶ್ರಯ ತಗೊಂಡಿದ್ದ, ಕೊಲ್ಲಲ್ಲ ಬರೀ ಬಂಧಿಸ್ತೀವಿ ಅಂತ ಸೈನಿಕರು ಬಿಷಪ್ ಮುಂದೆ ಆಣೆ ಮಾಡಿ ಕರ್ಕೊಂಡ್ರು, ಹೊರಗೆ ಕಾಲಿಟ್ಟ ತಕ್ಷಣ ಚಕ್ರವರ್ತಿಯ ಇನ್ನೊಂದು ಪತ್ರ ತೆಗೆದ್ರು, ಅದರಲ್ಲಿ ಮರಣದಂಡನೆ ಇತ್ತು. ಅವನ ಕಡೆಯೋರು ಬಿಡಿಸ್ಕೊಳ್ಳೋಕೆ ನುಗ್ಗಿದ್ರು, ಅವರನ್ನ ಗದರಿಸಿ ನಿಲ್ಲಿಸಿ ತಾನೇ ಕತ್ತು ಕೊಟ್ಟ. ಪಟ್ಟ ಕಿತ್ಕೊಳ್ಳೋ ಆಸೆ ಇದ್ದೋನು ಹಂಗೆ ಮಾಡ್ತಾನಾ?

ರೋಮಿನ ಹಳೇ ನಗರ ಚೌಕ ಫೋರಂನಲ್ಲಿ ಗಾತ್ ಯುದ್ಧ ಗೆದ್ದ ಸೈನಿಕರ ನಿಷ್ಠೆಗೆ ಅಂತ ನಿಲ್ಲಿಸಿದ ಕಲ್ಲು ಇವತ್ತಿಗೂ ಇದೆ. ಹೊನೋರಿಯಸ್ ಹೆಸರು ಹಂಗೇ ಇದೆ, ಸ್ಟಿಲಿಕೊ ಹೆಸರಿದ್ದ ಸಾಲನ್ನ ಉಳಿಯಿಂದ ಕೆತ್ತಿ ತೆಗೆದಿದಾರೆ.