ಚಿಪ್‌ನೊಳಗೆ ಶಬ್ದದ ಓಣಿ

ಪ್ರಶ್ನೆ: ಮೊಬೈಲಿನ ಚಿಪ್‌ನಲ್ಲಿ ಶಬ್ದದಂತಹ ಅಲೆಗಳೂ ಓಡಾಡುತ್ತವೆ ಎಂದು ಕಾಲೇಜಿನಲ್ಲಿ ಕೇಳಿದೆ. ಕೂದಲಿಗಿಂತ ಕಿರಿದಾದ ದಾರಿಯಲ್ಲಿ ಅಲೆ ಪಕ್ಕಕ್ಕೆ ಚದುರದೆ ಸಾಗುವುದು ಹೇಗೆ? ಅಲ್ಲಿ ವಿದ್ಯುತ್ತೇ ಸಾಲದೆ?
– ವಿದ್ಯಾರ್ಥಿನಿ, ಮಲ್ಪೆ

ಉತ್ತರ: ಎರಡನೆಯ ಪ್ರಶ್ನೆಯನ್ನು ಮೊದಲು ನೋಡೋಣ. ಒಂದು ಗಿಗಾಹರ್ಟ್ಸ್, ಅಂದರೆ ಸೆಕೆಂಡಿಗೆ ನೂರು ಕೋಟಿ ಸಲ ಕಂಪಿಸುವ ರೇಡಿಯೊ ಅಲೆಯ ತರಂಗದೂರ (ಒಂದು ಉಬ್ಬಿನಿಂದ ಮುಂದಿನ ಉಬ್ಬಿಗಿರುವ ಅಂತರ) ಗಾಳಿಯಲ್ಲಿ ಸುಮಾರು 30 ಸೆಂಟಿಮೀಟರ್. ಅದೇ ಆವರ್ತನದ ಕಂಪನವು ಲಿಥಿಯಂ ನಯೋಬೇಟ್ ಹರಳಿನ ಮೇಲ್ಮೈಯಲ್ಲಿ ಸೆಕೆಂಡಿಗೆ ಸುಮಾರು 4 ಕಿಲೋಮೀಟರ್ ವೇಗದಲ್ಲಷ್ಟೇ ಸಾಗುವುದರಿಂದ, ಅದರ ತರಂಗದೂರ 4 ಮೈಕ್ರೋಮೀಟರಿಗೆ ಇಳಿಯುತ್ತದೆ. ಬೇಡದ ಆವರ್ತನಗಳನ್ನು ಸೋಸುವ ಫಿಲ್ಟರ್ ಅಕ್ಕಿಕಾಳಿಗಿಂತ ಸಣ್ಣದಾಗಿ ಮೊಬೈಲಿನಲ್ಲಿ ಅಡಗಲು ಇದೇ ಕಾರಣ. ಇಂತಹ ಮೇಲ್ಮೈ ಅಲೆಗಳನ್ನು ಬ್ರಿಟಿಷ್ ಭೌತವಿಜ್ಞಾನಿ ಲಾರ್ಡ್ ರ‍್ಯಾಲೆ 1885ರಲ್ಲೇ ಗಣಿತದಿಂದ ತೋರಿಸಿದ್ದರು; ಬಾಚಣಿಗೆಯ ಹಲ್ಲುಗಳಂತೆ ಹೆಣೆದ ಲೋಹದ ಗೆರೆಗಳಿಗೆ ವಿದ್ಯುತ್ ಕೊಟ್ಟು ಅವನ್ನು ಎಬ್ಬಿಸುವ ಉಪಾಯವನ್ನು ಅಮೆರಿಕದ ಸಂಶೋಧಕರಾದ ವೈಟ್ ಮತ್ತು ವೋಲ್ಟ್‌ಮರ್ 1965ರಲ್ಲಿ ಪ್ರಕಟಿಸಿದರು.

ಇನ್ನು ದಾರಿಯ ವಿಷಯ. ಇದಕ್ಕೆ ನಿಮ್ಮೂರಿನ ಕಡಲೇ ಒಳ್ಳೆಯ ಪಾಠ. ಅಲೆ ದೂರದಲ್ಲಿ ಓರೆಯಾಗಿ ಬರುತ್ತಿದ್ದರೂ ದಡ ಸಮೀಪಿಸಿದಂತೆ ತಿರುಗಿ, ಹೆಚ್ಚುಕಡಿಮೆ ದಡಕ್ಕೆ ಸಮಾನಾಂತರವಾಗಿಯೇ ಒಡೆಯುವುದನ್ನು ನೀವು ಗಮನಿಸಿರಬಹುದು. ನೀರು 4 ಮೀಟರ್ ಆಳವಿರುವಲ್ಲಿ ಸೆಕೆಂಡಿಗೆ ಆರು ಮೀಟರಿಗಿಂತ ತುಸು ಹೆಚ್ಚು ಸಾಗುವ ಉದ್ದನೆಯ ಅಲೆ, 1 ಮೀಟರ್ ಆಳದಲ್ಲಿ ಅದರ ಅರ್ಧದಷ್ಟು ವೇಗದಲ್ಲಿ ಮಾತ್ರ ಸಾಗುತ್ತದೆ. ಆಳದಲ್ಲಿರುವ ಭಾಗ ಮುಂದೋಡಿ, ದಡದ ಕಡೆಯ ಭಾಗ ಹಿಂದುಳಿಯುವುದರಿಂದ ಇಡೀ ಅಲೆ ನಿಧಾನದ ಕಡೆಗೆ ಬಾಗುತ್ತದೆ.

ಚಿಪ್‌ನಲ್ಲಿ ಬೇಕಾದದ್ದೂ ಇಷ್ಟೇ: ಅಲೆ ನಿಧಾನವಾಗಿ ಸಾಗುವ ಕಿರಿದಾದ ಪಟ್ಟಿ, ಅದರ ಸುತ್ತ ವೇಗವಾಗಿ ಸಾಗುವ ವಸ್ತು. ಉದಾಹರಣೆಗೆ, ನೀಲಮಣಿಯಲ್ಲಿ ಶಬ್ದದ ವೇಗ ಹೆಚ್ಚು. ಅದರ ಮೇಲೆ ಲಿಥಿಯಂ ನಯೋಬೇಟ್‌ನ ತೆಳುಪಟ್ಟಿಯನ್ನು ಕೂರಿಸಿದರೆ, ಹೊರಗೆ ಜಾರಲು ಹೊರಟ ಅಲೆ ಪಟ್ಟಿಯೊಳಕ್ಕೇ ಮರಳುತ್ತದೆ. ಆಪ್ಟಿಕಲ್ ಫೈಬರಿನಲ್ಲಿ ಬೆಳಕು ಉಳಿಯುವುದೂ ಇದೇ ನಿಯಮದಿಂದ. ಅಲೆಯನ್ನು ಗೋಡೆ ಕಟ್ಟಿಯೇ ತಡೆಯಬೇಕೆಂದು ನಾವು ಸಹಜವಾಗಿ ಎಣಿಸುತ್ತೇವೆ. ವೇಗದ ವ್ಯತ್ಯಾಸವೊಂದೇ ಗೋಡೆಯ ಕೆಲಸ ಮಾಡುವುದು ನನಗೆ ಇಂದಿಗೂ ಬೆರಗಿನ ಸಂಗತಿ.

ತೊಡಕಿರುವುದು ತಿರುವಿನಲ್ಲಿ. ಪಟ್ಟಿಯನ್ನು ಥಟ್ಟನೆ ತಿರುಗಿಸಿದರೆ ಅಲೆ ಸೋರಿಹೋಗುತ್ತದೆ. ಅಂತಹ ಕಡೆ ದಾರಿಯ ಇಬ್ಬದಿಗೂ ಅರ್ಧ ತರಂಗದೂರದ ಆಸುಪಾಸಿನ ಅಂತರದಲ್ಲಿ ತೂತುಗಳ ಸಾಲುಗಳನ್ನು ಕೊರೆಯುವುದುಂಟು. ಒಂದೊಂದು ಸಾಲಿನಿಂದಲೂ ಹಿಂದಿರುಗುವ ಸಣ್ಣ ಪ್ರತಿಫಲನಗಳು ಒಂದಕ್ಕೊಂದು ಕೂಡಿಕೊಂಡು, ಕೆಲವು ಆವರ್ತನಗಳಿಗೆ ಆಚೆ ದಾಟುವ ಅವಕಾಶವೇ ಇಲ್ಲದಂತೆ ಮಾಡುತ್ತವೆ. ಪಟ್ಟಿಯ ಕೆಳಗಿನ ಪದರವನ್ನು ಕರಗಿಸಿ ಪಟ್ಟಿಯನ್ನು ನಿರ್ವಾತದಲ್ಲಿ ತೇಲುವಂತೆ ಬಿಟ್ಟರೆ, ಶಬ್ದ ನಿರ್ವಾತದಲ್ಲಿ ಸಾಗದ ಕಾರಣ, ಕೆಳಕ್ಕೆ ಸೋರುವ ದಾರಿಯೂ ಮುಚ್ಚುತ್ತದೆ. ಆದರೆ ಹಾಗೆ ತೇಲುವ ಪಟ್ಟಿ ಬೇಗ ಮುರಿಯುತ್ತದೆ, ಬಿಸಿಯೂ ಅದರಿಂದ ಸುಲಭವಾಗಿ ಇಳಿಯುವುದಿಲ್ಲ.