ಬೆಳಗಾಗೋದರೊಳಗೆ ಬದಲಾದ ಕಾರು: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ್ದು: ಮನೆ ಮುಂದೆ ನಿಂತ ಕಾರಿಗೆ ಕಂಪನಿಯವರು ಮೊಬೈಲ್ ನೆಟ್‌ವರ್ಕ್ ಮೂಲಕ ಕಳಿಸುವ ಸಾಫ್ಟ್‌ವೇರ್, ಅಂದರೆ ಓಟಿಎ ಅಪ್‌ಡೇಟ್. ಕೇಳದೆ ಬಂದ ಬದಲಾವಣೆಗೆ ಕೆಲವರ ತಕರಾರು. ಅಪ್‌ಡೇಟ್ ಇಲ್ಲದೆ ಇಂದಿನ ಕಾರೇ ಇಲ್ಲ ಎನ್ನುವ ವಾದ ಇನ್ನು ಕೆಲವರದು. ಪತ್ರಗಳಲ್ಲಿದ್ದ ಕಾರು, ಶೋರೂಮಿನ ಹೆಸರುಗಳನ್ನು ತೆಗೆದಿದ್ದೇವೆ.

ಪ್ರಶ್ನೆ: ಎಲೆಕ್ಟ್ರಿಕ್ ಕಾರು. ಅಪ್‌ಡೇಟ್ ಆದ ಮೇಲೆ ಫುಲ್ ಚಾರ್ಜಿಗೆ ತೋರಿಸುವ ಕಿಲೋಮೀಟರ್ 290ರಿಂದ 255ಕ್ಕೆ ಇಳಿದಿದೆ. ಶೋರೂಮಿನಲ್ಲಿ ಕೇಳಿದರೆ "ಬರೇ ಡಿಸ್‌ಪ್ಲೇ ಬದಲಾಗೇತ್ರಿ, ಬ್ಯಾಟರಿ ಹಂಗ ಐತಿ" ಅಂತಾರೆ. ನಂಬಬಹುದೇ? (ಮುಳಗುಂದ ನಾಕಾ, ಗದಗ)

ಉತ್ತರ: ನಂಬುವುದೂ ಬೇಡ, ಜಗಳವೂ ಬೇಡ, ಅಳೆದು ನೋಡಿ. ಪರದೆ ಮೇಲಿನ ಕಿಲೋಮೀಟರ್ ಒಂದು ಅಂದಾಜು. ಹಿಂದಿನ ಓಡಾಟದಲ್ಲಿ ಕಾರು ಎಷ್ಟು ಕರೆಂಟ್ ತಿಂದಿತ್ತೋ ಅದನ್ನೇ ಮುಂದಕ್ಕೆ ಎಳೆದು ಹೇಳುತ್ತದೆ. ಆ ಲೆಕ್ಕದ ರೀತಿ ಬದಲಾದರೂ ಅಂಕಿ ಇಳಿಯುತ್ತದೆ, ಬ್ಯಾಟರಿಯ ಬಳಸಬಹುದಾದ ಭಾಗಕ್ಕೆ ಕತ್ತರಿ ಬಿದ್ದರೂ ಇಳಿಯುತ್ತದೆ. ಇವೆರಡರಲ್ಲಿ ಯಾವುದು ಎಂದು ಹೇಳಬಲ್ಲದ್ದು ನಿಮ್ಮ ಮನೆಯ ಹೆಸ್ಕಾಂ ಮೀಟರ್.

ಚಾರ್ಜ್ 20 ಪರ್ಸೆಂಟಿಗೆ ಬಂದ ದಿನ ರಾತ್ರಿ ಗೀಸರ್, ನೀರಿನ ಮೋಟಾರ್ ಬಂದ್ ಮಾಡಿ, ಮೀಟರಿನ ಫೋಟೊ ತೆಗೆದು ಕಾರನ್ನು ಚಾರ್ಜಿಗೆ ಹಾಕಿ. 100 ಆಗಿ ತಾನಾಗಿಯೇ ನಿಂತ ಮೇಲೆ ಇನ್ನೊಂದು ಫೋಟೊ. ಫ್ರಿಜ್ಜು, ಫ್ಯಾನಿನ ಲೆಕ್ಕ ನಡುವೆ ಸೇರುತ್ತದೆ ಎನಿಸಿದರೆ ಚಾರ್ಜರ್ ಲೈನಿಗಷ್ಟೇ ಒಂದು ಸಬ್‌ಮೀಟರ್ ಹಾಕಿಸಿ. 40 ಯೂನಿಟ್ ಸಾಮರ್ಥ್ಯದ ಬ್ಯಾಟರಿಯಾದರೆ 80 ಪರ್ಸೆಂಟ್ ತುಂಬಲು 32 ಯೂನಿಟ್ ಒಳಗೆ ಹೋಗಬೇಕು. ಮನೆಯ ಎಸಿ ಚಾರ್ಜಿಂಗಿನಲ್ಲಿ ಹತ್ತು-ಹನ್ನೆರಡು ಪರ್ಸೆಂಟ್ ನಷ್ಟ ಇದ್ದೇ ಇರುವುದರಿಂದ ಮೀಟರಿನಲ್ಲಿ ಸುಮಾರು 36 ಓಡುತ್ತದೆ. ಮೂರು ಸಲ ಅಳೆದು ಸರಾಸರಿ ತೆಗೆಯಿರಿ. 36ರ ಆಸುಪಾಸು ಬಂದರೆ ಶೋರೂಮಿನವರ ಮಾತು ನಿಜ. 32ಕ್ಕೇ "ಫುಲ್" ಎಂದು ನಿಂತರೆ ಬ್ಯಾಟರಿ ಹಂಗ ಇಲ್ಲ.

ಬ್ಯಾಟರಿ ಹಳೆಯದಾದರೂ ಸವೆಯುತ್ತದೆ, ಆದರೆ ಆ ಸವೆತ ಒಂದು ರಾತ್ರಿಯಲ್ಲಿ ಆಗುವುದಿಲ್ಲ. ಅಪ್‌ಡೇಟಿಗೆ ಮುಂಚಿನ ಲೆಕ್ಕ ಬೇಕಾದರೆ ಸಾರ್ವಜನಿಕ ಚಾರ್ಜರಿನ ಆ್ಯಪ್‌ನಲ್ಲಿ ಹಳೆಯ ಬಿಲ್ಲುಗಳನ್ನು ಹುಡುಕಿ: ಎಷ್ಟರಿಂದ ಎಷ್ಟು ಪರ್ಸೆಂಟಿಗೆ, ಎಷ್ಟು ಯೂನಿಟ್ ಎಂಬುದು ಸಾಮಾನ್ಯವಾಗಿ ಇರುತ್ತದೆ. ಡಿಸಿ (ಫಾಸ್ಟ್ ಚಾರ್ಜರ್) ಬಿಲ್ಲನ್ನು ಡಿಸಿ ಬಿಲ್ಲಿಗೇ ಹೋಲಿಸಿ, ಮನೆ ಮೀಟರಿಗಲ್ಲ. ನಿಮ್ಮದು ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿಯಾದರೆ ಅಳೆಯುವ ಮುಂಚೆ ಒಂದೆರಡು ಸಲ ಪೂರ್ತಿ 100ಕ್ಕೆ ತುಂಬಿಸಿ. ಆ ಜಾತಿಯ ಸೆಲ್ಲುಗಳ ವೋಲ್ಟೇಜ್ ನಡುವಿನ ಹಂತದಲ್ಲಿ ಹೆಚ್ಚು ಏರಿಳಿಯುವುದಿಲ್ಲ; ತುದಿ ಮುಟ್ಟಿಸದಿದ್ದರೆ ಕಾರಿಗೇ ಪರ್ಸೆಂಟಿನ ಲೆಕ್ಕ ತಪ್ಪುತ್ತದೆ.

ಕತ್ತರಿ ಹಾಕುವುದಕ್ಕೆ ಕಾರಣ ಬಹುಮಟ್ಟಿಗೆ ಬೆಂಕಿಯ ಭಯ. ನಿಕೆಲ್ ಜಾತಿಯ ಸೆಲ್ಲನ್ನು 4.2 ವೋಲ್ಟ್ ಬದಲು 4.1ಕ್ಕೆ ನಿಲ್ಲಿಸಿದರೆ ಅದರ ಮೇಲಿನ ಒತ್ತಡ ತಗ್ಗುತ್ತದೆ, ಜೊತೆಗೆ ಸುಮಾರು ಹತ್ತರಲ್ಲೊಂದು ಪಾಲು ಸಾಮರ್ಥ್ಯವೂ ಹೋಗುತ್ತದೆ. ಅಮೆರಿಕದಲ್ಲಿ 2020ರ ನವೆಂಬರಿನಲ್ಲಿ ಶೆವರ್ಲೆ ಬೋಲ್ಟ್ ಕಾರುಗಳ ಚಾರ್ಜನ್ನು 90 ಪರ್ಸೆಂಟಿಗೆ ಮಿತಿ ಮಾಡಿದ್ದು ಹೀಗೆಯೇ. ಆದರೆ ಅದನ್ನು ರೀಕಾಲ್ (ದೋಷ ಸರಿಪಡಿಸಲು ಕಂಪನಿಯೇ ಕಾರುಗಳನ್ನು ವಾಪಸ್ ಕರೆಯುವುದು) ಎಂದು ಘೋಷಿಸಿ ಮಾಡಿದರು, ಮುಂದೆ ಬ್ಯಾಟರಿಯನ್ನೂ ಬದಲಿಸಿಕೊಡಬೇಕಾಯಿತು. 2019ರಲ್ಲಿ ಟೆಸ್ಲಾ ಮಾಡೆಲ್ ಎಸ್‌ನ ಕೆಲವು ಕಾರುಗಳ ಗರಿಷ್ಠ ವೋಲ್ಟೇಜ್ ಅಪ್‌ಡೇಟಿನಲ್ಲಿ ಇಳಿಯಿತು, ವಿಷಯ ಕೋರ್ಟಿಗೆ ಹೋಯಿತು. 2021ರಲ್ಲಿ 1,743 ಕಾರುಗಳ ಮಾಲೀಕರ ಜೊತೆ 15 ಲಕ್ಷ ಡಾಲರಿಗೆ ರಾಜಿಯಾಗಿ ಬಹುತೇಕರಿಗೆ ತಲಾ 625 ಡಾಲರ್ ಸಿಕ್ಕಿತು. ನಿಮ್ಮ ಶೋರೂಮಿನವರಿಂದಲೂ ಕಾರಣವನ್ನು ಬರಹದಲ್ಲೇ ಕೇಳಿ. ಬಾಯಿಮಾತು ಗೇಟಿನಾಚೆ ಉಳಿಯುವುದಿಲ್ಲ.

ಪ್ರಶ್ನೆ: ಹದಿನೈದು ದಿನ ನಿಂತಿದ್ದ ಕಾರಿಗೆ ಅಪ್‌ಡೇಟ್ ಹಾಕಿದಾಗ ಅರ್ಧಕ್ಕೆ ನಿಂತು ಪರದೆ ಕಪ್ಪಾಯಿತು. ತಪ್ಪು ಯಾರದು? ಹಳೇ ವರ್ಷನ್ ವಾಪಸ್ ಹಾಕಿಸಬಹುದೇ? (ಬಸವೇಶ್ವರ ನಗರ, ಹಾವೇರಿ)

ಉತ್ತರ: ಮೊದಲ ಅನುಮಾನ 12 ವೋಲ್ಟ್ ಬ್ಯಾಟರಿಯ ಮೇಲೆ. ಪೆಟ್ರೋಲ್ ಇರಲಿ, ಎಲೆಕ್ಟ್ರಿಕ್ ಇರಲಿ, ಕಾರಿನೊಳಗಿನ ಕಂಪ್ಯೂಟರುಗಳು ಓಡುವುದು ಆ ಚಿಕ್ಕ ಬ್ಯಾಟರಿಯ ಮೇಲೆ. ಅಪ್‌ಡೇಟ್ ಹೊತ್ತಿನಲ್ಲಿ ಎಂಜಿನ್ ಬಂದ್ ಇರುತ್ತದೆ, ಆಲ್ಟರ್ನೇಟರ್ ತಿರುಗುವುದಿಲ್ಲ, ಆದರೆ ಕಂಪ್ಯೂಟರುಗಳು ಎಚ್ಚರ ಇರುತ್ತವೆ. ಕಾರು ಮೂರ್ನಾಲ್ಕು ತಾಸು ನಿಂತ ಮೇಲೆ ಮಲ್ಟಿಮೀಟರ್ ಹಿಡಿಯಿರಿ: 12.6 ವೋಲ್ಟ್ ಇದ್ದರೆ ತುಂಬಿದೆ, 12.2 ಅಂದರೆ ಅರ್ಧ. 12.4ಕ್ಕಿಂತ ಕೆಳಗಿದ್ದರೆ ಅಪ್‌ಡೇಟ್ ಒತ್ತಬೇಡಿ. ಹುಬ್ಬಳ್ಳಿಗೆ ಹೋಗಿ ಬನ್ನಿ, ಇಲ್ಲವೇ ಚಾರ್ಜರ್ ಹಾಕಿ.

ಹಳೆಯದಕ್ಕೆ ಮರಳುವ ಮಾತು ಕಷ್ಟ. ಒಳ್ಳೆಯ ವ್ಯವಸ್ಥೆಯಲ್ಲಿ ಮೆಮೊರಿ ಎರಡು ಖೋಲಿಯ ಮನೆಯ ಹಾಗೆ. ಒಂದರಲ್ಲಿ ಸಂಸಾರ ನಡೆಸುತ್ತಲೇ ಇನ್ನೊಂದಕ್ಕೆ ಸುಣ್ಣ ಹೊಡೆದು, ಒಣಗಿದ ಮೇಲೆ ಸಾಮಾನು ಸಾಗಿಸುವುದು. ಅರ್ಧಕ್ಕೆ ಕೆಟ್ಟರೆ ಹಳೆ ಖೋಲಿ ಇದ್ದೇ ಇದೆ. ಒಮ್ಮೆ ಹೊಸದಕ್ಕೆ ಪೂರ್ತಿ ಹೋದ ಮೇಲೆ ಹಳೆಯದರ ಬಾಗಿಲನ್ನು ಕಂಪನಿಯೇ ಮುಚ್ಚುತ್ತದೆ. ಹಳೆ ವರ್ಷನ್ನಿನಲ್ಲಿ ಕಳ್ಳರಿಗೆ ಗೊತ್ತಾದ ತೂತು ಇರಬಹುದು, ಅದನ್ನು ಯಾರೂ ಮತ್ತೆ ಒಳಗೆ ಹಾಕಬಾರದು ಎಂಬುದು ಕಾರಣ. ಎರಡು ಖೋಲಿ ಇದ್ದ ಮಾತ್ರಕ್ಕೆ ಸುರಕ್ಷಿತ ಎಂದೂ ಅಲ್ಲ. 2023ರ ನವೆಂಬರಿನಲ್ಲಿ ರಿವಿಯನ್ ಕಂಪನಿ ತಪ್ಪು ಭದ್ರತಾ ಸರ್ಟಿಫಿಕೇಟ್ ಸೇರಿದ ಅಪ್‌ಡೇಟ್ ಕಳಿಸಿತು. ಕಾರು ಓಡುತ್ತಿತ್ತು, ಪರದೆ ಸತ್ತಿತ್ತು. ನಿಮ್ಮ ಪರದೆಗೆ ಮೊದಲು ರೀಸೆಟ್ ಮಾಡಿ ನೋಡಿ (ಯಾವ ಬಟನ್ ಎಷ್ಟು ಹೊತ್ತು ಒತ್ತಬೇಕು ಎಂಬುದು ಕಾರಿನ ಪುಸ್ತಕದಲ್ಲಿದೆ). ಆಗದಿದ್ದರೆ ವರ್ಕ್‌ಶಾಪೇ ಗತಿ. ಅಪ್‌ಡೇಟ್ ನಡೆಯುವಾಗ ಕಾರಿನೊಳಗೆ ಯಾರೂ ಕೂರಬೇಡಿ, ಮಕ್ಕಳಂತೂ ಬೇಡವೇ ಬೇಡ. ಕೆಲವು ಕಾರುಗಳಲ್ಲಿ ಆ ಹೊತ್ತು ಕಿಟಕಿ, ಎಸಿ ಕೆಲಸ ಮಾಡುವುದಿಲ್ಲ.

ವಾದ: ಧಾರವಾಡ ಸಪ್ತಾಪುರದ ಓದುಗರೊಬ್ಬರ ಸಲಹೆ: "ದುಡ್ಡು ಕೊಟ್ಟು ತಗೊಂಡ ಮೇಲೆ ಕಾರು ನಂದು. ಸಿಮ್‌ನ ಫ್ಯೂಸ್ ಕಿತ್ತಿಟ್ಟರೆ ಮುಗೀತು." ರಾಣೇಬೆನ್ನೂರಿನವರೊಬ್ಬರ ಪತ್ರ ಇದಕ್ಕೆ ತದ್ವಿರುದ್ಧ: "ಬ್ರೇಕಿನ ದೋಷ ಸರಿಪಡಿಸೋ ಅಪ್‌ಡೇಟೂ ಅದೇ ದಾರೀಲಿ ಬರ್ತದೆ. ಬಾಗಿಲು ಹಾಕ್ಕೊಂಡ್ರೆ ಡಾಕ್ಟರೂ ಒಳಗೆ ಬರೋಲ್ಲ."

ಉತ್ತರ: ನಮ್ಮ ಒಲವು ರಾಣೇಬೆನ್ನೂರಿನ ಕಡೆಗೆ, ಆದರೆ ಸಪ್ತಾಪುರದವರ ಸಿಟ್ಟಿನಲ್ಲೂ ನ್ಯಾಯವಿದೆ. ಮೊದಲು ಫ್ಯೂಸಿನ ಮಾತು. ಕಾರಿನ ಸಿಮ್ ಈಗ ಟೆಲಿಮ್ಯಾಟಿಕ್ಸ್ ಬಾಕ್ಸಿನ (ಕಾರನ್ನು ಮೊಬೈಲ್ ನೆಟ್‌ವರ್ಕಿಗೆ ಜೋಡಿಸುವ ಪೆಟ್ಟಿಗೆಯ) ಬೋರ್ಡಿಗೇ ಬೆಸೆದಿರುತ್ತದೆ. ಅದರ ಫ್ಯೂಸ್ ತೆಗೆದರೆ ಅಪಘಾತದಲ್ಲಿ ಕರೆ ಹೋಗುವ ಎಸ್‌ಒಎಸ್ ಬಟನ್, ಕಳುವಾದರೆ ಕಾರು ಹುಡುಕುವ ಸೌಲಭ್ಯ ಎರಡೂ ಸಾಯುತ್ತವೆ. ಕೆಲವು ಕಾರುಗಳಲ್ಲಿ ಫೋನಿನ ಮೈಕೂ ಆ ಬಾಕ್ಸ್ ಮೂಲಕವೇ ಹೋಗಿರುತ್ತದೆ. ಉಳಿದ ಕಂಪ್ಯೂಟರುಗಳು "ಆ ಬಾಕ್ಸ್ ಮಾತಾಡ್ತಿಲ್ಲ" ಎಂದು ಯು ಅಕ್ಷರದಿಂದ ಶುರುವಾಗುವ ದೋಷದ ಕೋಡ್ ಬರೆದಿಡುತ್ತವೆ, ವಾರಂಟಿ ಕೇಳುವಾಗ ಅದನ್ನೇ ನಿಮ್ಮ ಮುಂದಿಡುತ್ತಾರೆ. ಇಷ್ಟೆಲ್ಲ ಆದರೂ ಅಪ್‌ಡೇಟ್ ನಿಲ್ಲುವುದಿಲ್ಲ, ಸರ್ವಿಸಿಗೆ ಬಿಟ್ಟಾಗ ಓಬಿಡಿ ಪೋರ್ಟಿಗೆ (ಕಾರಿನ ದೋಷ ತಪಾಸಣೆಯ ಸಾಕೆಟ್ಟಿಗೆ) ಲ್ಯಾಪ್‌ಟಾಪ್ ಸಿಕ್ಕಿಸಿ ಹಾಕಿಬಿಡುತ್ತಾರೆ.

ಇನ್ನು ತೂತಿನ ಭಯ. 2015ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ಓಡುತ್ತಿದ್ದ ಜೀಪ್ ಚೆರೊಕಿಯನ್ನು ಮೊಬೈಲ್ ನೆಟ್‌ವರ್ಕ್ ಮೂಲಕ ದೂರದಿಂದಲೇ ಹಿಡಿತಕ್ಕೆ ತೆಗೆದುಕೊಂಡು ತೋರಿಸಿದರು. 14 ಲಕ್ಷ ವಾಹನಗಳಿಗೆ ರೀಕಾಲ್ ಬಂತು, ರಿಪೇರಿ ಸಾಫ್ಟ್‌ವೇರನ್ನು ಪೆನ್‌ಡ್ರೈವ್‌ನಲ್ಲಿ ಅಂಚೆ ಮೂಲಕ ಕಳಿಸಬೇಕಾಯಿತು. ಉಲ್ಟಾ ಉದಾಹರಣೆಯೂ ಇದೆ. ಸ್ಟಾಪ್ ಬೋರ್ಡ್ ಇದ್ದಲ್ಲಿ ಪೂರ್ತಿ ನಿಲ್ಲದೆ ತೆವಳುತ್ತ ದಾಟುವ ಗುಣವನ್ನು ಟೆಸ್ಲಾ ತನ್ನ ಸ್ವಯಂಚಾಲನೆಗೆ ಅಪ್‌ಡೇಟಿನಲ್ಲೇ ಸೇರಿಸಿತ್ತು. 2022ರಲ್ಲಿ 53,822 ಕಾರುಗಳಿಂದ ಅದನ್ನು ಅಪ್‌ಡೇಟಿನಲ್ಲೇ ತೆಗೆಯಬೇಕಾಯಿತು.

ಆದ್ದರಿಂದ ಯಾವ ಅಪ್‌ಡೇಟ್ ಎಂದು ನೋಡಿ ನಿರ್ಧರಿಸಿ. ಪರದೆ, ಮ್ಯಾಪು, ಹಾಡಿನದಾದರೆ ಎರಡು-ಮೂರು ವಾರ ತಡೆಯಿರಿ. ಬೇರೆಯವರ ಕಾರಿನಲ್ಲಿ ಏನಾಯಿತೆಂದು ಅಷ್ಟರಲ್ಲಿ ಗೊತ್ತಾಗುತ್ತದೆ. ಬ್ರೇಕ್, ಸ್ಟೀರಿಂಗ್, ಏರ್‌ಬ್ಯಾಗ್, ದೊಡ್ಡ ಬ್ಯಾಟರಿ ಅಥವಾ ರೀಕಾಲ್ ಎಂದು ಬರೆದಿದ್ದರೆ ತಡ ಬೇಡ. ಎರಡರಲ್ಲೂ "ಇನ್‌ಸ್ಟಾಲ್" ಒತ್ತುವ ಮುಂಚೆ ನಾಲ್ಕು ಫೋಟೊ ಇರಲಿ: ವರ್ಷನ್ ನಂಬರ್ ಇರುವ ಪರದೆ, ಅಪ್‌ಡೇಟ್ ಬಗ್ಗೆ ಅವರು ಬರೆದ ವಿವರ, ಓಡೋಮೀಟರ್, ಸರಾಸರಿ ಮೈಲೇಜ್. "ಕೆಲವು ಸುಧಾರಣೆಗಳು" ಎಂದಷ್ಟೇ ಬರೆದಿದ್ದರೆ ಅದರ ಫೋಟೊ ಇನ್ನೂ ಮುಖ್ಯ. ವಿಶ್ವಸಂಸ್ಥೆಯ ಆರ್156 ನಿಯಮದಲ್ಲಿ ಅಪ್‌ಡೇಟಿನ ಉದ್ದೇಶ, ಏನು ಬದಲಾಗುತ್ತದೆ, ಎಷ್ಟು ಹೊತ್ತು ಬೇಕು, ಆ ಹೊತ್ತು ಯಾವುದು ಕೆಲಸ ಮಾಡುವುದಿಲ್ಲ ಎಂಬುದನ್ನು ಮೊದಲೇ ಮಾಲೀಕರಿಗೆ ತಿಳಿಸುವ ಏರ್ಪಾಡು ಇರಬೇಕು. ಯುರೋಪಿನಲ್ಲಿ 2024ರ ಜುಲೈಯಿಂದ ಎಲ್ಲ ಹೊಸ ಕಾರುಗಳಿಗೂ ಅದು ಕಡ್ಡಾಯ. ನಮ್ಮ ಎಐಎಸ್-190 ಅದೇ ಜಾಡಿನಲ್ಲಿ ರೂಪಿಸಿದ ಮಾನದಂಡ.

ಪ್ರಶ್ನೆ: ಅಪ್‌ಡೇಟ್ ಆದಾಗಿನಿಂದ ಬೈಪಾಸಿನಲ್ಲಿ ಸ್ಟೀರಿಂಗ್ ತಾನೇ ಎಳೆಯುತ್ತದೆ. ಮೊದಲು ಹೀಗಿರಲಿಲ್ಲ. (ಗೋಕುಲ ರೋಡ್, ಹುಬ್ಬಳ್ಳಿ)

ಉತ್ತರ: ನೀವು ಆಫ್ ಮಾಡಿಟ್ಟಿದ್ದ ಲೇನ್ ಕೀಪ್ ಅಸಿಸ್ಟ್ (ಕಾರನ್ನು ರಸ್ತೆಯ ಪಟ್ಟಿಗಳ ನಡುವೆ ಇಡುವ ಸೌಲಭ್ಯ) ಅಪ್‌ಡೇಟಿನಲ್ಲಿ ಮತ್ತೆ ಆನ್ ಆಗಿರಬೇಕು. ಸೆಟ್ಟಿಂಗ್ ಎಲ್ಲ ಫ್ಯಾಕ್ಟರಿ ಸ್ಥಿತಿಗೆ ಮರಳುವುದು ಸಾಮಾನ್ಯ. ಮುಂದಿನ ಗಾಜಿನ ಹಿಂದಿರುವ ಕ್ಯಾಮೆರಾ ರಸ್ತೆಯ ಪಟ್ಟಿಯನ್ನು ನಂಬುತ್ತದೆ. ಗಬ್ಬೂರಿನಿಂದ ನರೇಂದ್ರದವರೆಗಿನ ಬೈಪಾಸಿನಲ್ಲಿ ಅಗಲೀಕರಣದ ಕೆಲಸ ನಡೆದ ಕಡೆ ಅರ್ಧ ಅಳಿಸಿದ ಹಳೆ ಪಟ್ಟಿ ಒಂದು ಕಡೆ, ಡೈವರ್ಶನ್ನಿನ ಹೊಸ ಪಟ್ಟಿ ಇನ್ನೊಂದು ಕಡೆ. ಅದು ಹಳೆಯದನ್ನು ಹಿಡಿದರೆ ನಿಮ್ಮನ್ನು ಕಾಂಕ್ರೀಟ್ ಕಟ್ಟೆಯ ಕಡೆಗೇ ಎಳೆಯುತ್ತದೆ. ಅಂಥ ಕಡೆ ಸ್ಟೀರಿಂಗ್ ತಿರುಗಿಸುವ "ಅಸಿಸ್ಟ್" ಆಫ್ ಮಾಡಿ, ಬರೀ ಸದ್ದು ಮಾಡುವ "ವಾರ್ನಿಂಗ್" ಇಟ್ಟುಕೊಳ್ಳಿ. ತುರ್ತು ಬ್ರೇಕನ್ನು ಮಾತ್ರ ಮುಟ್ಟಬೇಡಿ. ಅದರ ಎಚ್ಚರಿಕೆ ಅತಿಯಾಯಿತು ಎನಿಸಿದರೆ ಸಂವೇದನೆಯನ್ನು "ಲೇಟ್"ಗೆ ಇಡಿ. ಚೆನ್ನಾಗಿ ಪಟ್ಟಿ ಎಳೆದ ರಸ್ತೆಯಲ್ಲೂ ಒಂದೇ ಬದಿಗೆ ಎಳೆಯುತ್ತಿದ್ದರೆ ಅದು ಸೆಟ್ಟಿಂಗ್ ಅಲ್ಲ, ಕ್ಯಾಮೆರಾ ಕ್ಯಾಲಿಬ್ರೇಶನ್ ತಪ್ಪಿದೆ. ಇತ್ತೀಚೆಗೆ ಗಾಜು ಬದಲಿಸಿದ್ದರೆ ಅದನ್ನು ವರ್ಕ್‌ಶಾಪಿನಲ್ಲಿ ಹೇಳಲು ಮರೆಯಬೇಡಿ.

ಪ್ರಶ್ನೆ: ಎಸಿ ಫ್ಯಾನಿನ ಗುರುತು ಮುಖ್ಯ ಪರದೆಯಿಂದ ಮಾಯವಾಗಿ ಮೂರು ಒತ್ತು ಒಳಗೆ ಹೋಗಿದೆ. (ಕೇಶ್ವಾಪುರ, ಹುಬ್ಬಳ್ಳಿ)

ಉತ್ತರ: ಶಾರ್ಟ್‌ಕಟ್ ಪಟ್ಟಿಯಲ್ಲಿ ಗುರುತನ್ನು ಒತ್ತಿ ಹಿಡಿದು ಎಳೆದು ತರಲು ಬರುತ್ತದೆಯೇ ನೋಡಿ. ಇಲ್ಲದಿದ್ದರೆ ಸ್ಟೀರಿಂಗ್ ಮೇಲೆ ನಮಗೆ ಬೇಕಾದ ಕೆಲಸ ಕೊಡಬಹುದಾದ ಬಟನ್ ಇದ್ದರೆ ಅದಕ್ಕೆ ಹಚ್ಚಿ. ಎರಡೂ ಇಲ್ಲದಿದ್ದರೆ ಕಂಪನಿಗೆ ಬರೆಯುವುದೊಂದೇ ದಾರಿ.

ಪ್ರಶ್ನೆ: ಡೀಸೆಲ್ ಕಾರು, ಬಿಎಸ್6. ಸರ್ವಿಸಿನಲ್ಲಿ ಹೇಳದೆ ಎಂಜಿನ್ ಸಾಫ್ಟ್‌ವೇರ್ ಬದಲಿಸಿದ್ದಾರೆಂದು ಅನುಮಾನ, ಮೈಲೇಜ್ ಬಿದ್ದಿದೆ. ಹೇಗೆ ತಿಳಿಯುವುದು? (ಬೆಟಗೇರಿ, ಗದಗ)

ಉತ್ತರ: ಓಬಿಡಿ ಪೋರ್ಟಿಗೆ ಹಾಕುವ ಕಡಿಮೆ ಬೆಲೆಯ ಬ್ಲೂಟೂತ್ ರೀಡರ್, ಒಂದು ಆ್ಯಪ್ ಇದ್ದರೆ ಸಾಕು. "ವೆಹಿಕಲ್ ಇನ್‌ಫರ್ಮೇಶನ್" ಭಾಗದಲ್ಲಿ ಕ್ಯಾಲ್ ಐಡಿ, ಸಿವಿಎನ್ ಎಂಬ ಎರಡು ಸಂಖ್ಯೆ ಇರುತ್ತವೆ. ಮೊದಲನೆಯದು ಎಂಜಿನ್ ಸಾಫ್ಟ್‌ವೇರಿನ ಹೆಸರು, ಎರಡನೆಯದು ಅದರ ಬೆರಳಚ್ಚು. ಸರ್ವಿಸಿಗೆ ಬಿಡುವ ಮುಂಚೆ ಒಮ್ಮೆ, ತಂದ ಮೇಲೆ ಒಮ್ಮೆ ಸ್ಕ್ರೀನ್‌ಶಾಟ್ ತೆಗೆಯಿರಿ. ಸಿವಿಎನ್ ಬದಲಾಗಿದ್ದರೆ ಸಾಫ್ಟ್‌ವೇರ್ ಮುಟ್ಟಿದ್ದಾರೆ. ಜಾಬ್‌ಕಾರ್ಡಿನಲ್ಲಿ "ನನ್ನ ಬರಹದ ಒಪ್ಪಿಗೆ ಇಲ್ಲದೆ ಸಾಫ್ಟ್‌ವೇರ್ ಬದಲಿಸಬಾರದು" ಎಂದು ನಿಮ್ಮ ಕೈಯಿಂದಲೇ ಬರೆದು ಸಹಿ ಹಾಕಿ, ಪ್ರತಿ ಇಟ್ಟುಕೊಳ್ಳಿ.

ಮೈಲೇಜನ್ನು ಪರದೆಯಲ್ಲಿ ನೋಡಬೇಡಿ. ಅದೇ ಪಂಪು, ಅದೇ ನಾಝಲ್, ಆಟೊ ಕಟ್ ಆದಲ್ಲಿಗೆ ನಿಲ್ಲಿಸಿ, ಟ್ಯಾಂಕಿನಿಂದ ಟ್ಯಾಂಕಿಗೆ ಮೂರು ಸಲ ಲೆಕ್ಕ ಹಾಕಿ. ಬಿಎಸ್6 ಡೀಸೆಲ್‌ನಲ್ಲಿ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಮಸಿ ಸುಡುವಾಗ ಹೆಚ್ಚು ಡೀಸೆಲ್ ಹೋಗುತ್ತದೆ. ಊರೊಳಗಿನ ಚಿಕ್ಕ ಓಡಾಟ ಹೆಚ್ಚಿದ್ದರೂ ಹೀಗಾಗುತ್ತದೆ, ಹೊಸ ಸಾಫ್ಟ್‌ವೇರ್ ಪದೇಪದೇ ಸುಡಿಸಿದರೂ ಹೀಗಾಗುತ್ತದೆ.

"ರಿಪೇರಿ" ಅಪ್‌ಡೇಟೇ ತಪ್ಪಾಗಿರುವುದೂ ಉಂಟು. ಹೊಗೆ ಪರೀಕ್ಷೆಯಲ್ಲಿ ಮೋಸ ಮಾಡಿ ಸಿಕ್ಕಿಬಿದ್ದ ಹಗರಣದ ನಂತರ ಫೋಕ್ಸ್‌ವ್ಯಾಗನ್ ಹಾಕಿದ ಸಾಫ್ಟ್‌ವೇರ್‌ನಲ್ಲಿ ಹೊಗೆ ಶುದ್ಧಿ ಪೂರ್ತಿ ನಡೆಯುತ್ತಿದ್ದದ್ದು ಹೊರಗೆ 15ರಿಂದ 33 ಡಿಗ್ರಿ ಇದ್ದಾಗ ಮಾತ್ರ. (ಗದಗಿನ ಏಪ್ರಿಲ್ ಮಧ್ಯಾಹ್ನ ಈ ಲೆಕ್ಕಕ್ಕೇ ಬರುವುದಿಲ್ಲ.) ಕಾರು ಮಾರಾಟದ ನಂತರ ಅಪ್‌ಡೇಟಿನಲ್ಲಿ ಬಂದರೂ ಅಂಥ ಉಪಾಯ ಕಾನೂನುಬಾಹಿರವೇ ಎಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2022ರ ಜುಲೈ 14ರಂದು ಹೇಳಿತು.

ಪ್ರಶ್ನೆ: ಕಂಪನಿ ಉತ್ತರವನ್ನೇ ಕೊಡುತ್ತಿಲ್ಲ. ದೂರು ಎಲ್ಲಿ? ಬೆಂಗಳೂರಿಗೆ ಅಲೆಯಬೇಕೇ? (ಮಾಳಮಡ್ಡಿ, ಧಾರವಾಡ)

ಉತ್ತರ: ಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ನಿಮಗೆ ಅದು ಧಾರವಾಡದಲ್ಲೇ ಇದೆ. ಮೊದಲು ಡೀಲರ್ ಮತ್ತು ಕಂಪನಿ ಇಬ್ಬರಿಗೂ ಒಂದೇ ಇಮೇಲ್ ಹಾಕಿ: ಚಾಸಿಸ್ ನಂಬರ್, ಹಳೆ ಮತ್ತು ಹೊಸ ವರ್ಷನ್, ತಾರೀಖು, ಓಡೋಮೀಟರ್, ಏನು ಬದಲಾಯಿತು, ಏನು ಪರಿಹಾರ ಬೇಕು. ಹದಿನೈದು ದಿನ ಕೊಡಿ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಬಹಳಷ್ಟು ತಕರಾರು ಅಲ್ಲೇ ಮುಗಿಯುವುದುಂಟು. ಮುಗಿಯದಿದ್ದರೆ ಜಿಲ್ಲಾ ಆಯೋಗ: ಕೊಟ್ಟ ಬೆಲೆ 50 ಲಕ್ಷದೊಳಗಿದ್ದರೆ ಅಲ್ಲೇ ನಡೆಯುತ್ತದೆ, 14 ಲಕ್ಷದ ಕಾರಿಗೆ ಶುಲ್ಕ 400 ರೂಪಾಯಿ. ತೊಂದರೆ ಶುರುವಾದ ದಿನದಿಂದ ಎರಡು ವರ್ಷದೊಳಗೆ ಹಾಕಬೇಕು. ಕಾರು ವ್ಯವಹಾರದ ಹೆಸರಿನಲ್ಲಿದ್ದರೆ "ಗ್ರಾಹಕ" ಹೌದೋ ಅಲ್ಲವೋ ಎಂಬ ವಾದ ಬರುತ್ತದೆ. ಹೊಟ್ಟೆಪಾಡಿಗೆ ಸ್ವತಃ ಓಡಿಸುವ ಟ್ಯಾಕ್ಸಿಯವರಿಗೆ ವಿನಾಯಿತಿ ಇದೆ.

"ನೀವೇ ಒಪ್ಪಿಗೆ ಒತ್ತಿದ್ದೀರಿ" ಎಂಬುದು ಕಂಪನಿಯ ಮೊದಲ ಉತ್ತರವಾಗಿರುತ್ತದೆ. ಆ ಒಪ್ಪಂದವೇ ಅನ್ಯಾಯದ್ದು ಎಂದು ವಾದಿಸಲು ಹೊರಟರೆ ಪ್ರಕರಣ ರಾಜ್ಯ ಆಯೋಗಕ್ಕೆ ಹೋಗುತ್ತದೆ, ಆಗ ಜಿಲ್ಲೆಯಾಚೆ ಅಲೆಯಬೇಕಾಗಬಹುದು. ಅದರ ಬದಲು ಸೇವಾ ನ್ಯೂನತೆ, ವಸ್ತುವಿನ ದೋಷ ಎಂದು ಜಿಲ್ಲೆಯಲ್ಲೇ ಹಿಡಿಯುವುದು ಸುಲಭ. ಫೋಟೊ, ಸ್ಕ್ರೀನ್‌ಶಾಟುಗಳನ್ನು ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ (ಎಲೆಕ್ಟ್ರಾನಿಕ್ ಸಾಕ್ಷ್ಯದ) ಪ್ರಮಾಣಪತ್ರ ಜೊತೆಗಿರಲಿ. ಮೂಲ ಫೈಲುಗಳನ್ನು ಫೋನಿನಲ್ಲೇ ಉಳಿಸಿಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಫೋಟೊದಲ್ಲಿ ತೆಗೆದ ಹೊತ್ತಿನ ದಾಖಲೆ ಅಳಿಸಿಹೋಗುತ್ತದೆ.